ಕೊಂಡವನಿಗೆ ಬೀಗ: ಗಣಕದ ಆಟಗಳಲ್ಲಿ ನಕಲು ತಡೆಯ ಚರಿತ್ರೆ

ಬೀಗವು ಕಳ್ಳನನ್ನು ಕುರಿತು ಹುಟ್ಟಿದ ವಸ್ತು. ಮನೆಯೊಡೆಯನ ಬಳಿ ಕೀಲಿಕೈ ಇರುತ್ತದೆ, ಹೊರಗಿನವನ ಬಳಿ ಇರುವುದಿಲ್ಲ. ಇದರ ನ್ಯಾಯವನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಪೂರ್ಣ ಬೆಲೆ ತೆತ್ತು ಮನೆಗೆ ತಂದ ಪೆಟ್ಟಿಗೆಯ ಕೀಲಿಕೈ ಮಾರಿದವನ ಬಳಿಯಲ್ಲಿಯೇ ಉಳಿದರೆ ಅದನ್ನು ಎಂತಹ ವ್ಯಾಪಾರವೆನ್ನಬೇಕು? ಅದೇ ಪೆಟ್ಟಿಗೆಯನ್ನು ಕದ್ದು ತಂದವನ ಮನೆಯಲ್ಲಿ ಅದು ಸಲೀಸಾಗಿ ತೆರೆದುಕೊಂಡು, ಕೊಂಡವನ ಮನೆಯಲ್ಲಿ ಮಾತ್ರ ಮುಚ್ಚಿಯೇ ಇದ್ದರೆ ಕೊಂಡವನ ಮನಸ್ಸಿನಲ್ಲಿ ಏಳುವ ವಿಚಾರವೇನು? ಇದು ಕಲ್ಪಿತ ಪ್ರಶ್ನೆಯಲ್ಲ. ಗಣಕಯಂತ್ರದಲ್ಲಿ ಆಡುವ ಆಟಗಳ ಮಾರಾಟದಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಇದು ಮತ್ತೆ ಮತ್ತೆ ಎದುರಾಗುತ್ತ ಬಂದಿದೆ.

ಮಕ್ಕಳ ಆಟದ ವಿಷಯಕ್ಕೆ ಇಷ್ಟೊಂದು ವಿಚಾರವೇಕೆಂದು ಕೆಲವರಿಗೆ ಅನ್ನಿಸಬಹುದು. ಆಟಗಳಲ್ಲಿ ಮೊದಲು ಪರೀಕ್ಷೆಗೊಳಗಾದ ಉಪಾಯಗಳೇ ಮುಂದೆ ಹಾಡು, ಚಲನಚಿತ್ರ, ಪುಸ್ತಕಗಳ ಮಾರಾಟದಲ್ಲಿಯೂ ಕಾಣಿಸಿಕೊಂಡವು. ಅದಕ್ಕಿಂತ ಮುಖ್ಯವಾದುದು, ಮಾರುವವನಿಗೂ ಕೊಳ್ಳುವವನಿಗೂ ನಡುವೆ ಇರಬೇಕಾದ ವಿಶ್ವಾಸವು ಸಂಶಯದ ಕಾರಣದಿಂದ ಹೇಗೆ ಹಂತಹಂತವಾಗಿ ಸವೆಯುತ್ತದೆಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಬೇರೆಡೆ ದೊರೆಯುವುದು ಕಷ್ಟ.

ತಯಾರಕರ ಅಳಲು

ನ್ಯಾಯವನ್ನು ಹೇಳುವಾಗ ಮೊದಲು ತಯಾರಕನ ಪಕ್ಷವನ್ನು ಕೇಳಬೇಕು. ಪುಸ್ತಕವನ್ನು ನಕಲು ಮಾಡಲು ಕಾಗದವೂ ಶ್ರಮವೂ ಬೇಕು. ಮಾಡಿದ ಪ್ರತಿ ಮೂಲಕ್ಕಿಂತ ಮಸುಕಾಗಿರುತ್ತದೆ. ತಂತ್ರಾಂಶದ ಸ್ವಭಾವ ಹಾಗಲ್ಲ. ಅದರ ನೂರನೆಯ ಪ್ರತಿಯೂ ಮೊದಲನೆಯದರಷ್ಟೇ ಶುದ್ಧವಾಗಿರುತ್ತದೆ, ತಗಲುವ ವೆಚ್ಚವೋ ಇಲ್ಲವೆನ್ನುವಷ್ಟು ಅಲ್ಪ. ಹಲವರು ತಿಂಗಳುಗಟ್ಟಲೆ ದುಡಿದು ಮಾಡಿದ್ದನ್ನು ಒಬ್ಬನು ಕೆಲವೇ ನಿಮಿಷಗಳಲ್ಲಿ ಇನ್ನೊಬ್ಬನಿಗೆ ಕೊಟ್ಟುಬಿಡಬಹುದು. 1976ರ ಫೆಬ್ರವರಿಯಲ್ಲಿ ತರುಣ ಬಿಲ್ ಗೇಟ್ಸ್ ಅಮೆರಿಕದ ಗಣಕ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಎಂಬ ಯಂತ್ರಕ್ಕಾಗಿ ತಮ್ಮ ಸಂಸ್ಥೆ ಸಿದ್ಧಪಡಿಸಿದ ಬೇಸಿಕ್ ತಂತ್ರಾಂಶವನ್ನು ಹೆಚ್ಚಿನವರು ಹಣ ಕೊಡದೆಯೇ ಬಳಸುತ್ತಿದ್ದಾರೆ, ಹೀಗಾದರೆ ಒಳ್ಳೆಯ ತಂತ್ರಾಂಶವನ್ನು ಬರೆಯುವವರಾರು ಎಂಬುದು ಅವರ ಆಕ್ಷೇಪದ ತಿರುಳು. ಆ ಆಕ್ಷೇಪ ಸುಳ್ಳಾಗಿರಲಿಲ್ಲ. ಇತ್ತೀಚಿನ ಒಂದು ನಿದರ್ಶನವನ್ನೂ ನೋಡಬಹುದು. 2013ರಲ್ಲಿ ಗ್ರೀನ್‌ಹಾರ್ಟ್ ಗೇಮ್ಸ್ ಎಂಬ ಪುಟ್ಟ ಸಂಸ್ಥೆ ತನ್ನ ಆಟವೊಂದನ್ನು ಹೊರತಂದ ಮೊದಲ ದಿನವೇ ಲೆಕ್ಕ ಹಾಕಿದಾಗ, ಹಣ ಕೊಟ್ಟು ಕೊಂಡು ಆಡಿದವರು 214 ಮಂದಿ, ಕಳ್ಳಪ್ರತಿಯಲ್ಲಿ ಆಡಿದವರು 3,104 ಮಂದಿ. ದುಡಿದವನ ಕೂಲಿಯನ್ನು ಕೊಡದೆ ದುಡಿಮೆಯ ಫಲವನ್ನು ಅನುಭವಿಸುವುದು ಯಾವ ಹೆಸರಿನಿಂದ ಕರೆದರೂ ತಪ್ಪೇ. ಈ ಲೇಖನ ಆ ತಪ್ಪಿನ ಸಮರ್ಥನೆಯಲ್ಲ.

ಆದರೆ ತಪ್ಪನ್ನು ತಡೆಯಲು ಹಿಡಿದ ದಾರಿ ಎಲ್ಲಿಗೆ ಕೊಂಡೊಯ್ದಿತೆಂಬುದನ್ನು ನೋಡಬೇಕು.

ದೋಷವೇ ಅಸಲಿಯ ಗುರುತು

1978ರಲ್ಲಿ ಆಪಲ್ ಸಂಸ್ಥೆ ತನ್ನ ಗೃಹೋಪಯೋಗಿ ಗಣಕಕ್ಕೆ ಫ್ಲಾಪಿ ಡ್ರೈವ್ ಒದಗಿಸಿದ ಮೇಲೆ ಆಟಗಳು ಫ್ಲಾಪಿಗಳಲ್ಲಿ ಮಾರಾಟವಾಗತೊಡಗಿದವು. ತಯಾರಕರು ಫ್ಲಾಪಿಯ ಮೇಲೆ ರೂಢಿಯ ಕ್ರಮವನ್ನು ಬಿಟ್ಟು ವಿಚಿತ್ರ ಕ್ರಮದಲ್ಲಿ ಮಾಹಿತಿಯನ್ನು ಬರೆದರು. ಕೆಲವೆಡೆ ಉದ್ದೇಶಪೂರ್ವಕವಾಗಿಯೇ ಕೆಟ್ಟ ಭಾಗಗಳನ್ನು ಇರಿಸಿದರು. ಆಟ ಆರಂಭವಾಗುವಾಗ ಆ ದೋಷ ಅಲ್ಲಿದೆಯೇ ಎಂದು ಪರೀಕ್ಷಿಸಿಕೊಳ್ಳುತ್ತಿತ್ತು. ಸಾಮಾನ್ಯ ವಿಧಾನದಿಂದ ನಕಲು ಮಾಡಿದ ಫ್ಲಾಪಿಯಲ್ಲಿ ದೋಷ ಇರುತ್ತಿರಲಿಲ್ಲವಾದ್ದರಿಂದ ಆಟ ನಡೆಯುತ್ತಿರಲಿಲ್ಲ. ಹೀಗೆ ದೋಷವೇ ಅಸಲಿಯ ಗುರುತಾಯಿತು.

ಇದಕ್ಕೆ ಪ್ರತಿಯಾಗಿ 1981ರ ವೇಳೆಗೆ ಲಾಕ್‌ಸ್ಮಿತ್ ಮೊದಲಾದ ನಕಲು ತಂತ್ರಾಂಶಗಳು ಬಹಿರಂಗವಾಗಿಯೇ ಮಾರಾಟಕ್ಕೆ ಬಂದವು. ಅವುಗಳನ್ನು ಕೊಂಡವರೆಲ್ಲರೂ ಕಳ್ಳರಾಗಿರಲಿಲ್ಲ. ಫ್ಲಾಪಿಯು ಧೂಳು, ಬೂಷ್ಟು, ಅಯಸ್ಕಾಂತಗಳಿಗೆ ಸುಲಭವಾಗಿ ಬಲಿಯಾಗುವ ವಸ್ತು. ಬೆಲೆಯುಳ್ಳ ದಸ್ತಾವೇಜಿಗೆ ಒಂದು ಪ್ರತಿ ಮಾಡಿಟ್ಟುಕೊಳ್ಳುವಂತೆ, ಕೊಂಡ ಆಟಕ್ಕೂ ಮಾಡಿಟ್ಟುಕೊಳ್ಳಬೇಕೆನ್ನುವುದು ಗೃಹಸ್ಥನ ಸಹಜವಾದ ಜಾಗ್ರತೆ. ನಕಲು ತಡೆಯು ಈ ಜಾಗ್ರತೆಯನ್ನೂ ಕಳ್ಳತನವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು.

ಕಾಗದ ಮತ್ತು ಗಾಜಿನ ಉಪಾಯಗಳು

ಮುಂದಿನ ಹಂತದಲ್ಲಿ ಪೆಟ್ಟಿಗೆಯೊಳಗಿನ ಬೇರೊಂದು ವಸ್ತುವನ್ನು ಸಾಕ್ಷಿಯಾಗಿ ಕೇಳುವ ಪದ್ಧತಿ ಬಂದಿತು. 1984ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಜೆಟ್ ಸೆಟ್ ವಿಲ್ಲಿ ಆಟದೊಡನೆ ಬಣ್ಣದ ಚೌಕಗಳನ್ನು ಮುದ್ರಿಸಿದ ಒಂದು ಕಾರ್ಡು ಇತ್ತು. ಪರದೆಯ ಮೇಲೆ ಕೇಳಿದ ಮನೆಯ ಬಣ್ಣಗಳನ್ನು ಕಾರ್ಡಿನಲ್ಲಿ ಹುಡುಕಿ ಉತ್ತರಿಸಬೇಕು. ಬಣ್ಣದ ನಕಲು ಯಂತ್ರಗಳು ಜನರಿಗೆ ಎಟುಕದ ಕಾಲವಾದ್ದರಿಂದ ಇದು ಜಾಣ ಉಪಾಯವೇ. ಆದರೆ ವರ್ಣಾಂಧತೆಯುಳ್ಳ ಗ್ರಾಹಕನು ತನ್ನ ಹಣದಿಂದ ಕೊಂಡ ಆಟದ ಬಾಗಿಲಲ್ಲೇ ನಿಲ್ಲಬೇಕಾಯಿತು.

1985ರಲ್ಲಿ ಇಲೀಟ್ ಎಂಬ ಪ್ರಸಿದ್ಧ ಆಟದ ಸ್ಪೆಕ್ಟ್ರಮ್ ಆವೃತ್ತಿಯೊಡನೆ ಲೆನ್ಸ್‌ಲಾಕ್ ಎಂಬ ಸಾಧನ ಬಂದಿತು. ಅದು ಸಾಲಾಗಿ ಪಟ್ಟಕಗಳನ್ನು ಜೋಡಿಸಿದ ಸಣ್ಣ ಪ್ಲಾಸ್ಟಿಕ್ ಮಸೂರ. ಪರದೆಯ ಮೇಲೆ ಚದುರಿದ ಗೆರೆಗಳಾಗಿ ಕಾಣುವ ಅಕ್ಷರಗಳನ್ನು ಅದರ ಮೂಲಕ ನೋಡಿದರೆ ಮಾತ್ರ ಓದಲು ಸಾಧ್ಯ. ಮನೆಮನೆಯ ಟಿ.ವಿ. ಪರದೆಯ ಅಳತೆ ಬೇರೆಯಾದ್ದರಿಂದ ಮೊದಲು ಚಿತ್ರವನ್ನು ಮಸೂರಕ್ಕೆ ಹೊಂದಿಸಿಕೊಳ್ಳಬೇಕಿತ್ತು. ಪರದೆ ಅತಿ ದೊಡ್ಡದಾದರೂ ಅತಿ ಚಿಕ್ಕದಾದರೂ ಹೊಂದುತ್ತಿರಲಿಲ್ಲ. ಸಾಲದೆಂಬಂತೆ ಕೆಲವು ಪೆಟ್ಟಿಗೆಗಳಲ್ಲಿ ಬೇರೆ ಆಟದ ಮಸೂರವನ್ನು ತಪ್ಪಾಗಿ ಇಟ್ಟು ಕಳುಹಿಸಲಾಗಿತ್ತು. ಕಳ್ಳನಿಗಾಗಿ ಮಾಡಿದ ಮಸೂರದ ಮುಂದೆ ಕಣ್ಣು ಕಿರಿದು ಮಾಡಿ ಕುಳಿತವನು ಗ್ರಾಹಕ.

ಎಲ್ಲವೂ ಇಷ್ಟು ಕಠಿಣವಾಗಿರಲಿಲ್ಲವೆಂಬುದನ್ನೂ ಹೇಳಬೇಕು. 1990ರ ಮಂಕಿ ಐಲೆಂಡ್ ಆಟದಲ್ಲಿ ಕಡಲ್ಗಳ್ಳರ ಮುಖದ ಎರಡು ಅರ್ಧಗಳನ್ನು ತಿರುಗಿಸಿ ಹೊಂದಿಸುವ ರಟ್ಟಿನ ಚಕ್ರವಿತ್ತು. ಮಕ್ಕಳಿಗೆ ಅದೂ ಒಂದು ಆಟವೇ ಆಗಿತ್ತು. 1989ರ ಸಿಮ್‌ಸಿಟಿ ಆಟದೊಡನೆ ಬಂದ ಸಂಕೇತಗಳ ಹಾಳೆಯಾದರೋ ನಕಲು ಯಂತ್ರಕ್ಕೆ ಸಿಗದಿರಲೆಂದು ಕಡುಗೆಂಪು ಕಾಗದದ ಮೇಲೆ ಮುದ್ರಿತವಾಗಿತ್ತು. ಯಂತ್ರಕ್ಕೆ ಕಾಣದ್ದು ಮನುಷ್ಯನ ಕಣ್ಣಿಗೂ ಕಷ್ಟದಿಂದಲೇ ಕಾಣುತ್ತಿತ್ತು. ಈ ಸಿಮ್‌ಸಿಟಿಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು, ಅದು ಮತ್ತೆ ಬರುತ್ತದೆ. ಈ ಕಾಲದ ಉಪಾಯಗಳೆಲ್ಲವೂ ಕಿರಿಕಿರಿಯವೇ ಆದರೂ ಅವುಗಳಿಗೊಂದು ಮಿತಿ ಇತ್ತು. ಕಾರ್ಡು, ಚಕ್ರ, ಹಾಳೆಗಳು ಗ್ರಾಹಕನ ಕೈಯಲ್ಲಿದ್ದವು. ಅವನ್ನು ಕಾಪಾಡಿಕೊಂಡವನಿಗೆ ಆಟ ದಕ್ಕುತ್ತಿತ್ತು.

ಮನೆಯೊಳಗೆ ಬಂದ ಕಾವಲುಗಾರ

ಸಿ.ಡಿ.ಗಳ ಕಾಲದಲ್ಲಿ ಆ ಮಿತಿ ಅಳಿಯಿತು. 1998ರ ಸುಮಾರಿಗೆ ಸೇಫ್‌ಡಿಸ್ಕ್, ಸೆಕ್ಯುರಾಮ್, ಆಮೇಲೆ ರಷ್ಯಾದ ಸ್ಟಾರ್‌ಫೋರ್ಸ್ ಎಂಬ ನಕಲು ತಡೆಗಳು ಬಳಕೆಗೆ ಬಂದವು. ಆಟವನ್ನು ಪೂರ್ತಿಯಾಗಿ ಗಣಕದಲ್ಲಿ ಅಳವಡಿಸಿಕೊಂಡ ಮೇಲೂ ಪ್ರತಿ ಸಲ ಮೂಲ ಸಿ.ಡಿ.ಯನ್ನು ಡ್ರೈವಿನಲ್ಲಿಡಬೇಕು. ತಿಕ್ಕಿ ತಿಕ್ಕಿ ಸಿ.ಡಿ. ಗೀರುಬಿದ್ದರೆ ನಷ್ಟ ಕೊಂಡವನದೇ. ಇವುಗಳಲ್ಲಿ ಕೆಲವು ತಮ್ಮದೇ ಡ್ರೈವರ್ ತಂತ್ರಾಂಶವನ್ನು ವಿಂಡೋಸ್‌ನ ಅತ್ಯಂತ ಒಳಪದರದಲ್ಲಿ, ಯಂತ್ರದ ಪೂರ್ಣ ಅಧಿಕಾರವಿರುವ ಜಾಗದಲ್ಲಿ, ನೆಲೆಗೊಳಿಸುತ್ತಿದ್ದವು. ಆಟವನ್ನು ತೆಗೆದುಹಾಕಿದರೂ ಕಾವಲುಗಾರ ಮನೆಯಲ್ಲೇ ಉಳಿಯುತ್ತಿದ್ದ. ಸ್ಟಾರ್‌ಫೋರ್ಸ್ ವಿಷಯದಲ್ಲಿ ಗ್ರಾಹಕರ ಆಕ್ರೋಶ ಎಷ್ಟಾಯಿತೆಂದರೆ 2006ರಲ್ಲಿ ಯುಬಿಸಾಫ್ಟ್ ಸಂಸ್ಥೆ ಅದರ ಬಳಕೆಯನ್ನೇ ನಿಲ್ಲಿಸಿತು.

ಇಂತಹ ಕಾವಲಿನ ಅಪಾಯ ಸಾಮಾನ್ಯ ಜನರಿಗೆ ತಿಳಿದುದು ಸಂಗೀತದ ಸಿ.ಡಿ.ಗಳಿಂದ. 2005ರ ಅಕ್ಟೋಬರ್ ಕೊನೆಯಲ್ಲಿ ಮಾರ್ಕ್ ರುಸಿನೋವಿಚ್ ಎಂಬ ತಂತ್ರಜ್ಞರು, ಸೋನಿ ಬಿ.ಎಂ.ಜಿ. ಸಂಸ್ಥೆಯ ಸಿ.ಡಿ.ಯೊಂದು ತಮ್ಮ ಗಣಕದಲ್ಲಿ ಕಣ್ಣಿಗೆ ಕಾಣದಂತೆ ತನ್ನನ್ನು ಮರೆಮಾಡಿಕೊಳ್ಳುವ ತಂತ್ರಾಂಶವನ್ನು ಇಳಿಸಿರುವುದನ್ನು ಬಯಲಿಗೆಳೆದರು. ಆ ಮರೆಯಲ್ಲಿ ಬೇರೆ ದುಷ್ಟ ತಂತ್ರಾಂಶಗಳೂ ಅಡಗಬಹುದಾಗಿತ್ತು. ಸಂಸ್ಥೆ ಸಿ.ಡಿ.ಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಹಾಡು ಕೇಳಲು ಹಣ ಕೊಟ್ಟವನ ಗಣಕ ಅಪಾಯಕ್ಕೊಳಗಾಯಿತು. ಹಣ ಕೊಡದೆ ಅಂತರಜಾಲದಿಂದ ಅದೇ ಹಾಡನ್ನು ಇಳಿಸಿಕೊಂಡವನಿಗೆ ಈ ಸಿ.ಡಿ.ಯ ಭಯವೇ ಇರಲಿಲ್ಲ.

ಸೇಫ್‌ಡಿಸ್ಕ್‌ನ ಕೊನೆ ಇನ್ನೂ ಬೋಧಪ್ರದವಾಗಿದೆ. ಅದರ ಡ್ರೈವರ್ ಭದ್ರತೆಗೆ ಅಪಾಯಕಾರಿಯೆಂದು ತಿಳಿದ ಮೈಕ್ರೋಸಾಫ್ಟ್, 2015ರ ವಿಂಡೋಸ್ 10ರಲ್ಲಿ ಅದಕ್ಕೆ ಅವಕಾಶ ಕೊಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹಳೆಯ ವಿಂಡೋಸ್‌ಗಳಲ್ಲಿಯೂ ಅದನ್ನು ನಿಷ್ಕ್ರಿಯಗೊಳಿಸಿತು. ಆಗ ಹಣ ಕೊಟ್ಟು ಕೊಂಡು, ಪೆಟ್ಟಿಗೆಸಹಿತ ಜೋಪಾನ ಮಾಡಿದ್ದ ಎಷ್ಟೋ ಅಸಲಿ ಸಿ.ಡಿ.ಗಳು ಮೂಕವಾದವು. ಬೀಗ ಮುರಿದ ಪ್ರತಿಗಳಿಗೆ ಆ ಡ್ರೈವರಿನ ಹಂಗೇ ಇರಲಿಲ್ಲವಾದ್ದರಿಂದ ಅವು ನಡೆಯುತ್ತಲೇ ಇದ್ದವು.

ಎಣಿಸಿ ಕೊಟ್ಟ ಅನುಮತಿ

ಅಂತರಜಾಲ ಮನೆಮನೆಗೆ ಬಂದ ಮೇಲೆ ತಯಾರಕರು ಕೀಲಿಕೈಯನ್ನು ತಮ್ಮಲ್ಲೇ ಇಟ್ಟುಕೊಂಡರು. 2007ರ ಬಯೋಶಾಕ್ ಆಟವನ್ನು ಅಳವಡಿಸುವಾಗ ತಯಾರಕರ ಸರ್ವರ್‌ನಿಂದ ಅನುಮತಿ ಪಡೆಯಬೇಕಿತ್ತು. ಆ ಅನುಮತಿ ಮೊದಲು ಎರಡೇ ಸಲಕ್ಕೆ ಸೀಮಿತವಾಗಿದ್ದು, ಪ್ರತಿಭಟನೆಯ ಬಳಿಕ ಐದಾಯಿತು, 2008ರಲ್ಲಿ ಆ ಮಿತಿಯನ್ನೇ ತೆಗೆಯಲಾಯಿತು. ಅದೇ 2008ರ ಸೆಪ್ಟೆಂಬರ್‌ನಲ್ಲಿ ಇಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ಸ್ಪೋರ್ ಆಟ ಮೂರು ಅನುಮತಿಗಳ ಮಿತಿಯೊಡನೆ ಬಂದಿತು. ಗಣಕ ಕೆಟ್ಟು ದುರಸ್ತಿಯಾದರೆ ಒಂದು ಅನುಮತಿ ಹೋಯಿತು, ಹೊಸದು ಕೊಂಡರೆ ಇನ್ನೊಂದು ಹೋಯಿತು; ಮೂರೂ ಮುಗಿದರೆ ಬೇಡಿಕೊಳ್ಳಬೇಕು. ಅಮೆಜಾನ್ ಮಳಿಗೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಈ ಆಟಕ್ಕೆ ಅತಿ ಕಡಿಮೆ ಅಂಕವನ್ನು ಕೊಟ್ಟು ತಮ್ಮ ಅಸಮಾಧಾನವನ್ನು ದಾಖಲಿಸಿದರು. ಈ ಬೀಗ ತಡೆಯಬೇಕಾಗಿದ್ದ ಕಳ್ಳಪ್ರತಿಯಾದರೋ ಆಟದ ಬಿಡುಗಡೆಗೆ ಮೊದಲೇ ಹೊರಬಿದ್ದಿತ್ತು. ಆ ವರ್ಷ ಅತ್ಯಂತ ಹೆಚ್ಚು ಕಳ್ಳನಕಲಾದ ಆಟಗಳ ಪಟ್ಟಿಯಲ್ಲಿ ಸ್ಪೋರ್ ಮೊದಲನೆಯದೆಂದು ಎಣಿಕೆಯಾಯಿತು.

ಅನಂತರ ಅನುಮತಿಯನ್ನು ಒಮ್ಮೆ ಪಡೆದರೂ ಸಾಲದಾಯಿತು. 2010ರಲ್ಲಿ ಯುಬಿಸಾಫ್ಟ್ ಹೊರತಂದ ಅಸಾಸಿನ್ಸ್ ಕ್ರೀಡ್ 2ರ ಗಣಕ ಆವೃತ್ತಿಯನ್ನು ಒಬ್ಬನೇ ಕುಳಿತು ಆಡುವುದಕ್ಕೂ ಅಂತರಜಾಲದ ಸಂಪರ್ಕ ಕಡಿಯದಂತಿರಬೇಕಿತ್ತು. ಸಂಪರ್ಕ ತಪ್ಪಿದೊಡನೆ ಆಟ ನಿಲ್ಲುತ್ತಿತ್ತು. ಬಿಡುಗಡೆಯಾದ ಮಾರ್ಚ್ ತಿಂಗಳಲ್ಲೇ ಸಂಸ್ಥೆಯ ಸರ್ವರ್‌ಗಳ ಮೇಲೆ ದಾಳಿಯಾಗಿ, ಏನೂ ತಪ್ಪು ಮಾಡದ ಗ್ರಾಹಕರು ಆಟವಾಡಲಾರದೆ ಕುಳಿತರು. ಎರಡು ವರ್ಷಗಳ ಬಳಿಕ, 2012ರಲ್ಲಿ, ಈ ಪದ್ಧತಿಯನ್ನು ಬಿಟ್ಟಿರುವುದಾಗಿ ಸಂಸ್ಥೆ ತಿಳಿಸಿತು.

ಇಲ್ಲಿ ಸಿಮ್‌ಸಿಟಿ ಮತ್ತೆ ಬರುತ್ತದೆ. 2013ರ ಮಾರ್ಚ್‌ನಲ್ಲಿ ಅದೇ ಹೆಸರಿನಲ್ಲಿ ಹೊಸ ಆಟ ಬಂದಾಗ ಕೆಂಪು ಹಾಳೆ ಇರಲಿಲ್ಲ. ಅದರ ಜಾಗದಲ್ಲಿ ಸರ್ವರ್ ಇತ್ತು. ಮೊದಲ ದಿನಗಳಲ್ಲಿ ಜನರ ದಟ್ಟಣೆ ತಾಳಲಾರದೆ ಸರ್ವರ್‌ಗಳು ಕುಸಿದವು. ಕೊಂಡವರು ಸರತಿಯಲ್ಲಿ ಕಾದರು. ಸಂಸ್ಥೆ ಪರಿಹಾರವಾಗಿ ಬೇರೊಂದು ಆಟವನ್ನು ಉಚಿತವಾಗಿ ಕೊಟ್ಟಿತು. ಆಟದ ಲೆಕ್ಕಾಚಾರಕ್ಕೆ ಸರ್ವರ್ ಅನಿವಾರ್ಯವೆಂದು ಮೊದಲು ಸಮಜಾಯಿಷಿ ಕೊಡಲಾಗಿತ್ತು. ಒಂದು ವರ್ಷದ ಬಳಿಕ, 2014ರ ಮಾರ್ಚ್‌ನಲ್ಲಿ, ಸಂಪರ್ಕವಿಲ್ಲದೆಯೂ ಆಡುವ ವ್ಯವಸ್ಥೆಯನ್ನು ಸಂಸ್ಥೆಯೇ ಒದಗಿಸಿತು. 1989ರ ಗ್ರಾಹಕನು ಕೆಂಪು ಹಾಳೆಯನ್ನು ದೀಪದ ಬಳಿ ಹಿಡಿದು ಬೈದುಕೊಂಡಿದ್ದರೂ ಕೊನೆಗೆ ಆಡಿದ. 2013ರ ಗ್ರಾಹಕನಿಗೆ ಬೈದುಕೊಳ್ಳಲು ಒಂದು ಹಾಳೆಯೂ ಕೈಯಲ್ಲಿರಲಿಲ್ಲ.

ನಂಬಿ ಮಾರಿದವರು

ಬೇರೆ ದಾರಿ ಇರಲಿಲ್ಲವೇ? ಇದಕ್ಕೆ ಪೋಲೆಂಡ್ ದೇಶದ ಒಂದು ಸಂಸ್ಥೆಯ ಉದಾಹರಣೆಯನ್ನು ನೋಡಬಹುದು. ಅಲ್ಲಿ 1994ರ ಕಾನೂನು ಬರುವವರೆಗೆ ತಂತ್ರಾಂಶಕ್ಕೆ ಕೃತಿಸ್ವಾಮ್ಯದ ಸ್ಪಷ್ಟ ರಕ್ಷಣೆ ಇರಲಿಲ್ಲ; ಸಂತೆಗಳಲ್ಲಿ ಕಳ್ಳಪ್ರತಿಗಳು ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ಅದೇ ವರ್ಷ ಮಾರ್ಚಿನ್ ಇವಿನ್ಸ್ಕಿ ಮತ್ತು ಮಿಖಾವ್ ಕಿಚಿನ್ಸ್ಕಿ ಎಂಬ ಗೆಳೆಯರು ಸಿ.ಡಿ. ಪ್ರೊಜೆಕ್ಟ್ ಸಂಸ್ಥೆಯನ್ನು ಆರಂಭಿಸಿದರು. 1999ರಲ್ಲಿ ಬಾಲ್ಡರ್ಸ್ ಗೇಟ್ ಎಂಬ ದೊಡ್ಡ ಆಟವನ್ನು ಪೋಲಿಷ್ ಭಾಷೆಗೆ ತಂದು, ಒಳ್ಳೆಯ ನಟರಿಂದ ಮಾತನಾಡಿಸಿ, ಭೂಪಟ, ನಿಯಮಗಳ ಪುಸ್ತಕ ಮೊದಲಾದವನ್ನು ಸೇರಿಸಿ ಅಂದವಾದ ಪೆಟ್ಟಿಗೆಯಲ್ಲಿ ಮಾರಿದರು. ಕಳ್ಳನನ್ನು ಬೀಗದಿಂದ ಸೋಲಿಸುವ ಬದಲು ಸರಕಿನ ಗುಣದಿಂದ ಸೋಲಿಸುವ ಪ್ರಯತ್ನ ಅದು, ಫಲವೂ ಒಳ್ಳೆಯದಾಯಿತು.

2008ರಲ್ಲಿ ಅದೇ ಬಳಗ ಆರಂಭಿಸಿದ ಗೋಗ್ ಮಳಿಗೆ ಹಳೆಯ ಆಟಗಳನ್ನು ಯಾವ ನಕಲು ತಡೆಯೂ ಇಲ್ಲದೆ ಮಾರತೊಡಗಿತು. 2011ರಲ್ಲಿ ಅವರ ಸ್ವಂತ ಆಟವಾದ ವಿಚರ್ 2, ಗೋಗ್‌ನಲ್ಲಿ ಬೀಗವಿಲ್ಲದೆಯೂ ಅಂಗಡಿಗಳ ಪೆಟ್ಟಿಗೆಗಳಲ್ಲಿ ಸೆಕ್ಯುರಾಮ್ ಬೀಗದೊಡನೆಯೂ ಬಿಡುಗಡೆಯಾಯಿತು. ಸಂಸ್ಥೆಯವರೇ ಹೇಳಿದಂತೆ, ಕಳ್ಳರು ಮೊದಲು ಹಂಚಿದ್ದು ಬೀಗವಿಲ್ಲದ ಪ್ರತಿಯನ್ನಲ್ಲ, ಬೀಗ ಮುರಿದ ಪ್ರತಿಯನ್ನು. ಕೆಲವೇ ದಿನಗಳಲ್ಲಿ ಅಂಗಡಿಯ ಪ್ರತಿಗಳ ಬೀಗವನ್ನೂ ಸಂಸ್ಥೆ ತೆಗೆದುಹಾಕಿತು. 2015ರಲ್ಲಿ ಗೋಗ್‌ನಲ್ಲಿ ನಕಲು ತಡೆಯಿಲ್ಲದೆಯೇ ದೊರೆತ ವಿಚರ್ 3, ಎಲ್ಲ ಯಂತ್ರಗಳ ಆವೃತ್ತಿಗಳೂ ಸೇರಿ ಐದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದುವೆಂದು 2023ರಲ್ಲಿ ಪ್ರಕಟವಾಯಿತು. ಬೀಗವಿಲ್ಲದ್ದರಿಂದಲೇ ಮಾರಾಟವಾಯಿತೆಂದು ವಾದಿಸುವುದು ಸರಿಯಲ್ಲ. ಬೀಗವಿಲ್ಲದಿದ್ದರೆ ಮುಳುಗಿಯೇ ಹೋಗುತ್ತೇವೆಂಬ ಭಯ ಮಾತ್ರ ನಿಜವಾಗಲಿಲ್ಲ. ಈ ಸಂಸ್ಥೆಯೂ ಒಮ್ಮೆ ಎಡವಿತ್ತು. ಜರ್ಮನಿಯಲ್ಲಿ ಕಳ್ಳನಕಲಿನ ಸಂಶಯವಿದ್ದವರಿಗೆ ಹಣ ಕೇಳಿ ವಕೀಲರ ಮೂಲಕ ಪತ್ರಗಳನ್ನು ಕಳುಹಿಸಿತ್ತು. ನಿರಪರಾಧಿಗಳಿಗೂ ಪತ್ರ ಹೋಗಬಹುದೆಂಬ ಆಕ್ಷೇಪ ಬಂದಾಗ 2012ರ ಜನವರಿಯಲ್ಲಿ ಅದನ್ನು ನಿಲ್ಲಿಸಿತು. ತಪ್ಪನ್ನು ತಿದ್ದಿಕೊಳ್ಳುವುದೂ ವಿಶ್ವಾಸದ ಒಂದು ಭಾಗವೇ.

ಮಾರಾಟವೋ ಬಾಡಿಗೆಯೋ?

ಈ ಚರಿತ್ರೆಯ ಇತ್ತೀಚಿನ ಅಧ್ಯಾಯ ಎಲ್ಲಕ್ಕಿಂತ ಗಂಭೀರವಾದುದು. 2014ರಲ್ಲಿ ಯುಬಿಸಾಫ್ಟ್ ಮಾರಿದ ದ ಕ್ರೂ ಎಂಬ ಕಾರು ಓಟದ ಆಟವನ್ನು ಒಬ್ಬನೇ ಆಡುವಾಗಲೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್‌ಗಳನ್ನು ಮುಚ್ಚಲಾಯಿತು. ಆ ಬಳಿಕ ಕೊಂಡವರ ಖಾತೆಗಳಲ್ಲಿದ್ದ ಪರವಾನಗಿಯನ್ನೂ ಹಿಂತೆಗೆದುಕೊಳ್ಳಲಾಯಿತು. ಇದರಿಂದ ಪ್ರೇರಿತರಾಗಿ ರಾಸ್ ಸ್ಕಾಟ್ ಎಂಬವರು ಆರಂಭಿಸಿದ ಚಳವಳಿಯ ಮನವಿಗೆ 2025ರ ಜುಲೈ ವೇಳೆಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಂದವು. ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಅಂಗೀಕರಿಸಿ 2025ರ ಜನವರಿ 1ರಿಂದ ಜಾರಿಗೆ ತಂದ ಕಾನೂನಿನಂತೆ, ಹಿಂತೆಗೆದುಕೊಳ್ಳಬಹುದಾದ ಪರವಾನಗಿಯನ್ನು ಕೊಡುವ ವ್ಯಾಪಾರಿಯು ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿರಿ' ಎಂಬ ಮಾತನ್ನು ಬಳಸುವಂತಿಲ್ಲ. ಶಾಶ್ವತವಾಗಿ ಇಳಿಸಿಟ್ಟುಕೊಳ್ಳಬಹುದಾದ ವಸ್ತುಗಳಿಗೆ ಈ ನಿರ್ಬಂಧವಿಲ್ಲ. ಒಂದು ಕ್ರಿಯಾಪದದ ಅರ್ಥವನ್ನು ಕಾಪಾಡಲು ಶಾಸನಸಭೆ ಕಾನೂನು ಮಾಡಬೇಕಾಯಿತೆಂಬುದು ಯೋಚಿಸಬೇಕಾದ ಸಂಗತಿ.

ಭಾರತದ ಕಾನೂನಿನಲ್ಲಿಯೂ ಈ ತೂಕ ಕಾಣುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಕಲಮು, ನ್ಯಾಯವಾಗಿ ಪಡೆದ ಗಣಕ ತಂತ್ರಾಂಶ ನಷ್ಟವಾಗದಂತೆ ರಕ್ಷಣೆಗಾಗಿ ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ಬೀಗ ಮುರಿಯುವವನಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಅಂದರೆ ಉದ್ದೇಶವನ್ನು ನೋಡಿ ಅಪರಾಧವನ್ನು ತೂಗುವ ಕಾನೂನು ಇದು. ಯಂತ್ರದ ಬೀಗಕ್ಕಾದರೋ ಉದ್ದೇಶ ಕಾಣುವುದಿಲ್ಲ. ಅದಕ್ಕೆ ಎಲ್ಲರೂ ಸಂಶಯಾಸ್ಪದರೇ.

ಇನ್ನೊಂದು ನಷ್ಟವೂ ಇದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಇದಕ್ಕೆ ಕಾರಣಗಳು ಹಲವು, ನಕಲು ತಡೆಯೊಂದೇ ಅಲ್ಲ. ಆದರೆ ಮುಂದಿನವರಿಗೆ ಉಳಿಸಬಯಸುವವರ ದಾರಿಯಲ್ಲಿ ಹಳೆಯ ಬೀಗಗಳೂ ಅಡ್ಡ ನಿಂತಿವೆ. ನಮ್ಮ ತಾಳೆಗರಿಯ ಗ್ರಂಥಗಳು ಉಳಿದು ಬಂದುದು ಪ್ರತಿ ಮಾಡುವವರ ಶ್ರಮದಿಂದ ಎಂಬುದನ್ನು ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಗೃಹಸ್ಥರು ಯೋಚಿಸಬೇಕಾದುದು

ಈ ಎಲ್ಲ ಹಂತಗಳಲ್ಲಿಯೂ ಒಂದೇ ಸಂಗತಿ ಮರುಕಳಿಸಿದೆ. ಬೀಗವನ್ನು ಮುರಿಯುವ ಜಾಣ ಒಬ್ಬನೇ ಒಬ್ಬನಿದ್ದರೆ ಸಾಕು, ಅವನಿಂದ ಪಡೆದವರಿಗೆಲ್ಲ ಬೀಗವಿಲ್ಲದ ವಸ್ತು ದೊರೆಯುತ್ತದೆ. ಬೀಗ ಉಳಿಯುವುದು ಹಣ ಕೊಟ್ಟವನ ಪಾಲಿಗೆ. ಮಾರಾಟದ ಮೊದಲ ಕೆಲವು ವಾರಗಳನ್ನು ಕಾಪಾಡಿಕೊಂಡರೂ ಲಾಭವೇ ಎಂದು ತಯಾರಕರು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹಾಗಿದ್ದರೆ ಆ ವಾರಗಳು ಕಳೆದ ಮೇಲೆ ಬೀಗವನ್ನು ತೆಗೆಯುವುದು ನ್ಯಾಯ. ಸರ್ವರ್ ಮುಚ್ಚುವ ದಿನ ಕೀಲಿಕೈಯನ್ನು ಕೊಂಡವರ ಕೈಗೆ ಒಪ್ಪಿಸುವುದು ನ್ಯಾಯ. ಬಾಡಿಗೆಗೆ ಕೊಡುವುದಾದರೆ ಬಾಡಿಗೆಯೆಂದೇ ಹೇಳಿ, ಬಾಡಿಗೆಯ ಬೆಲೆಯನ್ನೇ ಪಡೆಯುವುದು ನ್ಯಾಯ. ತೂಕದ ಕಲ್ಲಿನಲ್ಲಿ ಇರುವ ಪ್ರಾಮಾಣಿಕತೆ ಮಾತಿನಲ್ಲಿಯೂ ಇರಬೇಕಲ್ಲವೇ?

ನಮ್ಮ ಮನೆಗಳ ಮಟ್ಟಿಗೆ ಹೇಳುವುದಾದರೆ, ಹಣ ಕೊಟ್ಟು ಕೊಳ್ಳಬೇಕೆಂದು ಮಗನಿಗೋ ಮೊಮ್ಮಗಳಿಗೋ ಹಿರಿಯರು ಬುದ್ಧಿ ಹೇಳುತ್ತೇವೆ. ಹಾಗೆ ಕೊಂಡ ಮಗು ಅನುಮತಿಗಾಗಿ ಕಾಯುತ್ತ ಕುಳಿತಿರುವಾಗ, ಕದ್ದ ಪ್ರತಿಯ ನೆರೆಯ ಹುಡುಗ ಆಡಿ ಮುಗಿಸಿರುತ್ತಾನೆ. ಆಗ ಮಗು ಕೇಳುವ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ನೆರೆಯವನ ದಾರಿ ಸರಿಯೆಂದು ಹೇಳಲಾಗದು, ಹೇಳಲೂಬಾರದು. ಇನ್ನೊಬ್ಬನು ಅನ್ಯಾಯ ಮಾಡಿದನೆಂಬುದು ನಮ್ಮ ಕಳ್ಳತನಕ್ಕೆ ಪರವಾನಗಿಯಾಗದು. ಆದರೆ ಕೊಳ್ಳುವ ಮೊದಲು ವಿಚಾರಿಸಿ ಕೊಳ್ಳೋಣವೆಂದು ಹೇಳಬಹುದು: ಇದನ್ನು ಸಂಪರ್ಕವಿಲ್ಲದೆ ಆಡಬಹುದೇ? ಇನ್ನೊಂದು ಗಣಕಕ್ಕೆ ಒಯ್ಯಬಹುದೇ? ಮಾರಿದ ಸಂಸ್ಥೆ ನಾಳೆ ಬಾಗಿಲು ಮುಚ್ಚಿದರೆ ನಮ್ಮಲ್ಲಿ ಏನು ಉಳಿಯುತ್ತದೆ? ಇವಕ್ಕೆ ನೇರವಾದ ಉತ್ತರ ಕೊಡುವ ವ್ಯಾಪಾರಿಗೆ ನಮ್ಮ ಹಣ ಸಲ್ಲಲಿ, ಕೊಡದವನ ಆಟವನ್ನು ಕದಿಯದೆ, ಕೊಳ್ಳದೆ, ಸುಮ್ಮನೆ ಬಿಟ್ಟುಬಿಡೋಣ. ಆಟವೊಂದನ್ನು ಬಿಟ್ಟರೆ ಮನೆಗೆ ನಷ್ಟವೇನೂ ಇಲ್ಲ. ಪ್ರಾಮಾಣಿಕನಾಗಿದ್ದುದು ಮೂರ್ಖತನವೆಂಬ ಪಾಠವನ್ನು ಮಗು ಕಲಿತರೆ ಆಗುವ ನಷ್ಟವನ್ನು ಯಾರೂ ತುಂಬಿಕೊಡಲಾರರು.